ಹುಲ್ಲಿನ ಕೆಳಗೆ ಎಷ್ಟು ಊರು? ಇಂಗ್ಲೆಂಡಿನ ಓಲ್ಡ್ ಸೇರಂ ಕೋಟೆಯ ಬಗ್ಗೆ

ಹೊಳೆದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಹೋದ ತಿಂಗಳು ಊರಿನಿಂದ ಅಪ್ಪ, ಅಮ್ಮ ಬಂದಿದ್ದರು. ನೆಂಟರು ಬಂದರೆ ಸ್ಟೋನ್‌ಹೆಂಜ್ ತೋರಿಸುವುದು ಇಲ್ಲಿಯ ಕನ್ನಡಿಗರಿಗೆ ಒಂದು ವ್ರತ. ಆ ವ್ರತ ಮುರಿದು ಈ ಸಲ ಅದರ ದಕ್ಷಿಣಕ್ಕಿರುವ ಓಲ್ಡ್ ಸೇರಂಗೆ ಕರೆದುಕೊಂಡು ಹೋದೆ. ಸಾಲ್ಸ್‌ಬರಿ ಪಟ್ಟಣದಿಂದ ಉತ್ತರಕ್ಕೆ ಮೂರು ಕಿಲೋಮೀಟರ್.

ಅಪ್ಪ ಹೊಳಲ್ಕೆರೆ ಕಡೆಯವರು. ದುರ್ಗದ ಏಳು ಸುತ್ತಿನ ಕೋಟೆ ಹತ್ತಿ ಇಳಿದು ಬೆಳೆದವರು. ದಿಣ್ಣೆಯ ಮೇಲೆ ನಿಂತು ಸುತ್ತಲೂ ನೋಡಿ, "ಹುಲ್ಲು ಚೆನ್ನಾಗಿದೆ. ಕೋಟೆ ಎಲ್ಲಿ?" ಎಂದು ಕೇಳಿದರು.

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿ ಮೊದಲು ಕಾಣುವುದು ಸುಮಾರು 29 ಎಕರೆಯನ್ನು ಸುತ್ತಿಕೊಂಡ ಮಣ್ಣಿನ ದಿಣ್ಣೆ ಮತ್ತು ಆಳವಾದ ಕಂದಕ. ಅದನ್ನು ಕಟ್ಟಿದ್ದು ಕ್ರಿ.ಪೂ. 400ರ ಸುಮಾರಿಗೆ, ಕಬ್ಬಿಣ ಯುಗದ ಜನ. ಆ ದೊಡ್ಡ ಸುತ್ತಿನ ನಡುವೆ ಇನ್ನೊಂದು ಕಂದಕ, ಅದರೊಳಗೆ ಇನ್ನೊಂದು ದಿಬ್ಬ. ಅದು ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕೋಟೆ, 1070ರ ಹೊತ್ತಿನದು. ತಟ್ಟೆಯ ನಡುವೆ ಬಟ್ಟಲು ಇಟ್ಟ ಹಾಗೆ. ಎರಡರ ನಡುವೆ ಸುಮಾರು ಒಂದೂವರೆ ಸಾವಿರ ವರ್ಷದ ಅಂತರ. ತಟ್ಟೆ ಮತ್ತು ಬಟ್ಟಲಿನ ನಡುವಿನ ಜಾಗದಲ್ಲಿ ಒಂದು ಕಾಲಕ್ಕೆ ಊರಿತ್ತು, ಬಿಷಪ್ಪನ ಮುಖ್ಯ ಚರ್ಚಾದ ಕೆಥೆಡ್ರಲ್ ಇತ್ತು, ಅವನ ಅರಮನೆ ಇತ್ತು. ಈಗ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಬರುವವರಿದ್ದಾರೆ.

ಒಳಗಿನ ಕೋಟೆಯಲ್ಲಿ ಅಲ್ಲಲ್ಲಿ ಗೋಡೆಯ ತುಂಡುಗಳು ನಿಂತಿವೆ. ಅಮ್ಮ ಒಂದನ್ನು ಮುಟ್ಟಿ ನೋಡಿದರು. ಮುಷ್ಟಿಯಷ್ಟು ದೊಡ್ಡ ಚಕಮಕಿ ಕಲ್ಲುಗಳು, ಒಡೆದ ಕಡೆ ಕಪ್ಪಗೆ ಗಾಜಿನ ಹೊಳಪು, ಹೊರಗೆ ಬಿಳಿ ಸಿಪ್ಪೆ. ನಡುವೆ ಸುಣ್ಣದ ಗಾರೆ. ಒಂದು ಕಲ್ಲೂ ಸಾಲಾಗಿಲ್ಲ. ಇಷ್ಟು ದೊಡ್ಡ ಅರಸರು ಇಷ್ಟು ಒರಟು ಗೋಡೆ ಕಟ್ಟಿದರೇ ಎಂದು ಕೇಳಿದರು. ಗೋಡೆ ಹಾಗಿರಲಿಲ್ಲ. ಹೊರಮೈಗೆ ನುಣುಪಾಗಿ ಕೆತ್ತಿದ ಕಲ್ಲುಗಳಿದ್ದವು, ಅವನ್ನೆಲ್ಲ ಜನ ಕಿತ್ತುಕೊಂಡು ಹೋದರು, ಉಳಿದದ್ದು ಒಳಗೆ ತುಂಬಿದ ಜಲ್ಲಿ. "ಹಾಗಾದರೆ ಕಣಕ ತಿಂದು ಹೂರಣ ಬಿಟ್ಟಿದ್ದಾರೆ ಅನ್ನು" ಎಂದರು ಅಮ್ಮ. ಇದಕ್ಕಿಂತ ಚೆನ್ನಾಗಿ ಆ ಗೋಡೆಯನ್ನು ಯಾವ ಫಲಕವೂ ವಿವರಿಸುವುದಿಲ್ಲ.

ಹಿಂದಿರುಗುವಾಗ ಅಪ್ಪ ಇನ್ನೊಂದು ಪ್ರಶ್ನೆ ಹಾಕಿದರು. ಎರಡು ಸಾವಿರ ವರ್ಷ ಯಾರಾದರೊಬ್ಬರು ಬಂದು ಕೂರುತ್ತಿದ್ದ ಗುಡ್ಡವನ್ನು ಯಾಕೆ ಬಿಟ್ಟು ಇಳಿದರು? ನೀರಿಲ್ಲದೆಯೋ, ಜಗಳವಾಡಿಯೋ? ನನಗೆ ಗೊತ್ತಿದ್ದಷ್ಟು ಹೇಳಿದೆ, ಅವರಿಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ತಿಳಿದವರಿದ್ದೀರಿ, ಏನನ್ನುತ್ತೀರಿ?

ಸಂದೇಹಿ

ಒಂದು ಮೂಲಭೂತ ಅನುಮಾನ. ಕಾಣುವುದು ಹುಲ್ಲು, ಕಲ್ಲೆಲ್ಲ ಕಳವು. ಹಾಗಿದ್ದಾಗ ಕಬ್ಬಿಣ ಯುಗ, ರೋಮನ್ನರು, ಸ್ಯಾಕ್ಸನ್ನರು, ನಾರ್ಮನ್ನರು ಎಂದು ಅಡುಗೆಮನೆಯ ಡಬ್ಬಿಗಳ ಹಾಗೆ ಪದರ ಜೋಡಿಸುವುದು ಯಾವ ಧೈರ್ಯದ ಮೇಲೆ? ಕೆಳಗೆ ಸಿಕ್ಕಿದ್ದು ಹಳೆಯದು, ಮೇಲೆ ಸಿಕ್ಕಿದ್ದು ಹೊಸದು ಎನ್ನುವಷ್ಟು ಸಲೀಸೇ ಇದು?

ಚಂದ್ರವಳ್ಳಿ ಮೇಷ್ಟ್ರು

ಸಲೀಸಲ್ಲ. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವನು ನಾನು, ಮಕ್ಕಳಿಗೆ ಇದನ್ನೇ ತಪ್ಪಾಗಿ ಹೇಳಿಕೊಡುತ್ತಿದ್ದೆ. ಆಮೇಲೆ ತಿದ್ದಿಕೊಂಡೆ.

ಮೊದಲು ಲಿಖಿತ ಸಾಕ್ಷ್ಯ ನೋಡೋಣ, ಸಂದೇಹಿಯವರೇ. ಓಲ್ಡ್ ಸೇರಂ ವಿಷಯದಲ್ಲಿ ಹೆಸರುಗಳೇ ಪದರಗಳಾಗಿವೆ. ರೋಮನ್ನರ ದಾರಿಪಟ್ಟಿಯಲ್ಲಿ ಬರುವ ಹೆಸರು ಸೋರ್ವಿಯೊಡೂನಂ. ಕೊನೆಯ ‘ಡೂನಂ’ ಲ್ಯಾಟಿನ್ ಅಲ್ಲ, ಅವರಿಗಿಂತ ಮೊದಲಿದ್ದ ಕೆಲ್ಟಿಕ್ ಜನರ ಮಾತು, ಅರ್ಥ ಕೋಟೆ. ಬಂದವರು ಹೆಸರನ್ನು ಇದ್ದ ಹಾಗೆ ಎತ್ತಿಕೊಂಡರು. ಆಮೇಲೆ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ 552ನೇ ಇಸವಿಯ ಕೆಳಗೆ ಕಿನ್ರಿಕ್ ಎಂಬ ಸ್ಯಾಕ್ಸನ್ ನಾಯಕ ಅಲ್ಲಿ ಮೊದಲಿದ್ದ ಬ್ರಿಟನ್ನರನ್ನು ‘ಸೀಯರೊಬುರ್’ ಎಂಬಲ್ಲಿ ಸೋಲಿಸಿದ ಎಂದು ಬರೆದಿದೆ. ಮೊದಲ ಭಾಗ ಹಳೆಯದು ಸವೆದು ಬಂದದ್ದು, ಕೊನೆಗೆ ಸೇರಿಕೊಂಡ ‘ಬುರ್’ ಎಂದರೆ ಮತ್ತೆ ಕೋಟೆಯೇ. ಅದು ಸರಿಸ್ಬೆರಿ ಆಯಿತು, ಸಾಲ್ಸ್‌ಬರಿ ಆಯಿತು. ‘ಸೇರಂ’ ಯಾರೂ ಬಾಯಲ್ಲಿ ಆಡಿದ ಹೆಸರೇ ಅಲ್ಲ. ಲಿಪಿಕಾರರು ‘ಸರ್’ ಎಂದು ಮೊಟಕಾಗಿ ಬರೆದು ಒಂದು ಗೀಟು ಎಳೆಯುತ್ತಿದ್ದರು, ಆ ಗೀಟನ್ನು ಓದಿದವರು ‘ಅಂ’ ಎಂದುಕೊಂಡರು. ಗುಮಾಸ್ತರ ಕೈಬರಹದಿಂದ ಹುಟ್ಟಿದ ಊರು!

ಇನ್ನು ಮಣ್ಣಿನ ಪದರದ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಜೋಳದರಾಶಿ

ಮೇಷ್ಟ್ರು ನನ್ನನ್ನು ಉದ್ದೇಶಿಸಿ ಹೇಳಿದರೋ ಇಲ್ಲವೋ ಗೊತ್ತಿಲ್ಲ, ಆದರೂ ಬಾಯಿ ಹಾಕುತ್ತೇನೆ.

ನಮ್ಮದು ಧಾರವಾಡ ಜಿಲ್ಲೆ. ಅಜ್ಜನ ಮನೆಯ ಮುಂದೆ ಹಗೇವು ಇತ್ತು. ಬೆಂಗಳೂರು ಕಡೆಯವರಿಗಾಗಿ ಹೇಳುತ್ತೇನೆ: ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆಲ್ಲ ಜೋಳದ ಹೊಟ್ಟೋ ಹುಲ್ಲೋ ಹಾಸಿ, ಕಾಳು ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ತೆರೆದ ದಿನ ತಕ್ಷಣ ಯಾರೂ ಇಳಿಯಬಾರದು, ಉಸಿರು ಕಟ್ಟುತ್ತದೆ. ಅಜ್ಜ ಮೊದಲು ಉರಿಯುವ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಕಾಯಬೇಕು.

ಆ ಹಗೇವು ಆಮೇಲೆ ಬಳಕೆ ತಪ್ಪಿತು. ಮನೆಯವರು ಅದಕ್ಕೆ ಕಸ ತುಂಬಿದರು. ಒಡೆದ ಮಡಕೆ, ಬೂದಿ, ಸತ್ತ ಟಾರ್ಚಿನ ಸೆಲ್ಲು, ಒಂದು ಹರಿದ ಪ್ಲಾಸ್ಟಿಕ್ ಚಪ್ಪಲಿ. ನಾನೇ ನೋಡಿದ್ದು. ಈಗ ಲೆಕ್ಕ ಹಾಕಿ. ಅಂಗಳದ ನೆಲ ನೂರಿನ್ನೂರು ವರ್ಷದ್ದು. ಅದಕ್ಕಿಂತ ಆಳವಾಗಿ ಹಗೇವಿನ ತಳದಲ್ಲಿ ಪ್ಲಾಸ್ಟಿಕ್ ಚಪ್ಪಲಿ ಇದೆ. ಆಳವೇ ವಯಸ್ಸು ಎಂದು ನಂಬಿದವನು ನಮ್ಮ ಮುತ್ತಜ್ಜನಿಗಿಂತ ಹಿಂದಿನವರು ಪ್ಲಾಸ್ಟಿಕ್ ಮೆಟ್ಟುತ್ತಿದ್ದರು ಎಂದು ಬರೆಯುತ್ತಾನೆ.

ಆದ್ದರಿಂದ ಅಗೆಯುವವರು ಆಳ ನೋಡುವುದಿಲ್ಲ, ಯಾವುದು ಯಾವುದನ್ನು ಕಡಿದಿದೆ ಎಂದು ನೋಡುತ್ತಾರೆ. ಕುಣಿ ನೆಲವನ್ನು ಕಡಿದಿದ್ದರೆ ಕುಣಿ ಆಮೇಲಿನದು. ಇಷ್ಟೇ ಸೂತ್ರ. ಓಲ್ಡ್ ಸೇರಂನಿಂದ ದೂರವೇನೂ ಇಲ್ಲದ ಡೇನ್‌ಬರಿ ಎಂಬ ಗುಡ್ಡದ ಕೋಟೆಯಲ್ಲಿ ಬ್ಯಾರಿ ಕನ್ಲಿಫ್ 1969ರಿಂದ ಇಪ್ಪತ್ತು ಬೇಸಿಗೆ ಅಗೆಸಿದರು. ಸುಣ್ಣದ ನೆಲದಲ್ಲಿ ಕೊರೆದ ಇಂಥ ಕಾಳಿನ ಕುಣಿಗಳು ಸಾವಿರಗಟ್ಟಲೆ ಸಿಕ್ಕವು. ಕಬ್ಬಿಣ ಯುಗದ ಹಗೇವುಗಳು! ಅಲ್ಲಿಯೂ ಬಾಯಿಗೆ ಮಣ್ಣು ಮೆತ್ತುತ್ತಿದ್ದರು, ಅಲ್ಲಿಯೂ ಕಾಳು ಬಿಡುವ ಗಾಳಿಯೇ ಕಾಳನ್ನು ಕಾಯುತ್ತಿತ್ತು. ಆ ಪುಸ್ತಕದ ಚಿತ್ರ ನೋಡಿದಾಗ ಅಜ್ಜನ ಕಂದೀಲು ನೆನಪಾಯಿತು.

ಸಂದೇಹಿ

ಜೋಳದರಾಶಿಯವರೇ, ಚಪ್ಪಲಿಯ ಉದಾಹರಣೆಗೆ ಶರಣು. ಸೋತೆ.

ಸಿವಿಲ್ ಸುಮಾ

ಇನ್ನೊಂದು ತೊಡಕು ಸೇರಿಸುತ್ತೇನೆ. ನಾರ್ಮನ್ನರು ಒಳಕಂದಕ ತೋಡಿದಾಗ ಮಣ್ಣು ಎಲ್ಲಿಗೆ ಹೋಯಿತು? ಲಾರಿ ಇರಲಿಲ್ಲ. ಪಕ್ಕದಲ್ಲೇ ಪೇರಿಸುತ್ತಾರೆ, ದಿಬ್ಬ ಎದ್ದದ್ದೇ ಹಾಗೆ. ಕಂದಕ ತೋಡುವಾಗ ಮೊದಲು ಬರುವುದು ಮೇಲಿನ ಕಪ್ಪು ಮಣ್ಣು, ಅಂದರೆ ಇತ್ತೀಚಿನ ಪದರ. ಅದು ರಾಶಿಯ ಅಡಿಗೆ ಬೀಳುತ್ತದೆ. ಆಮೇಲೆ ಆಳದ ಹಳೆಯ ಮಣ್ಣು, ಕೊನೆಗೆ ಹಾಲಿನಂತೆ ಬಿಳಿಯ ಸುಣ್ಣಕಲ್ಲು ರಾಶಿಯ ನೆತ್ತಿಗೆ. ಪದರ ಪೂರ್ತಿ ಅಡಿಮೇಲು. ಸೈಟಿನಲ್ಲಿ ಪಾಯ ತೆಗೆಸುವಾಗ ದಿನಾ ನೋಡುವುದೇ ಇದು.

ಇದರಲ್ಲಿ ಒಂದು ಲಾಭವೂ ಇದೆ. ರಾಶಿ ಬಿದ್ದ ಜಾಗದಲ್ಲಿ ಅದರ ಅಡಿಯ ಹಳೆಯ ನೆಲ ಮುಚ್ಚಿಹೋಗುತ್ತದೆ, ಮುಂದಿನ ಒಂಬೈನೂರು ವರ್ಷ ನೇಗಿಲು ತಾಗುವುದಿಲ್ಲ. ಕೋಟೆ ಕಟ್ಟಿದವರು ಒಂದು ಕಡೆ ಹಳೆಯದನ್ನು ಕಿತ್ತುಹಾಕಿದರು, ಇನ್ನೊಂದು ಕಡೆ ಅದಕ್ಕೇ ಹೊದಿಕೆ ಹೊದಿಸಿದರು.

ಹೊಳೆದಂಡೆಯವರೇ, ಅಲ್ಲಿ ಬಾವಿ ಇದೆಯೇ? ಕೆಥೆಡ್ರಲ್ ಎಲ್ಲಿತ್ತು ಎಂದು ಗುರುತಿದೆಯೇ?

ಹೊಳೆದಂಡೆ

ಎರಡೂ ಇವೆ, ಸುಮಾ ಮೇಡಂ. ಬಾವಿ ಒಳಕೋಟೆಯಲ್ಲಿದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಮ್ಮ ಬಗ್ಗಿ ನೋಡಿ ಎಂದಿನಂತೆ ಒಂದು ಕಾಸು ಹಾಕಿದರು.

ಕೆಥೆಡ್ರಲ್ ಹೊರಸುತ್ತಿನ ವಾಯವ್ಯ ಮೂಲೆಯಲ್ಲಿತ್ತು. ಈಗ ಹುಲ್ಲಿನ ಮೇಲೆ ಅದರ ನಕ್ಷೆ ಮಾತ್ರ, ನೆಲಮಟ್ಟಕ್ಕೆ ಸಮನಾಗಿ. ಮೇಲಿನ ಕೋಟೆಯಿಂದ ನೋಡಿದರೆ ಯಾರೋ ದೊಡ್ಡ ರಂಗೋಲಿ ಹಾಕಿದ ಹಾಗಿದೆ. ಎರಡು ಕಟ್ಟಡ ಒಂದರೊಳಗೊಂದು. ಮೊದಲನೆಯದನ್ನು ಬಿಷಪ್ ಓಸ್ಮಂಡ್ ಮುಗಿಸಿ 1092ರ ಏಪ್ರಿಲ್ 5ರಂದು ಪ್ರತಿಷ್ಠೆ ಮಾಡಿದ. ಐದೇ ದಿನಕ್ಕೆ ಬಿರುಗಾಳಿ, ಸಿಡಿಲಿಗೆ ಗೋಪುರದ ಮಾಡು ಹಾರಿಹೋಯಿತು. ಆಮೇಲೆ ಬಿಷಪ್ ರೋಜರ್ ಅದನ್ನು ಹಿಗ್ಗಿಸಿ ಕಟ್ಟಿದ. ರೋಜರ್ ಬರೀ ಪಾದ್ರಿಯಲ್ಲ, ಅರಸ ಒಂದನೆಯ ಹೆನ್ರಿಯ ಬಲಗೈ. ಕೋಟೆಯೂ ಅವನ ಕೈಯಲ್ಲೇ ಇತ್ತು, ಒಳಗೆ ಅಂಗಳವಿರುವ ತೊಟ್ಟಿಮನೆಯಂಥ ಅರಮನೆ ಕಟ್ಟಿಸಿದ್ದ. 1139ರಲ್ಲಿ ಹೊಸ ಅರಸ ಸ್ಟೀಫನ್ ಅವನನ್ನು ಕೆಳಗಿಳಿಸಿದ.

ಗಾಳಿಯ ಬಗ್ಗೆ ಹೇಳಲೇಬೇಕು. ದಿಣ್ಣೆಯ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆರೆದೆವು. ಕಾಗದದ ತಟ್ಟೆ ಕೈಯಿಂದ ಎದ್ದು ಕಂದಕ ದಾಟಿತು. ಅಪ್ಪ ಡಬ್ಬಿಯನ್ನು ಎದೆಗವಚಿಕೊಂಡು ತಿಂದರು.

ನಾಣ್ಯಪ್ರಿಯ

ಈ ಚರ್ಚೆ ಈಗ ಕಣ್ಣಿಗೆ ಬಿತ್ತು. ನಮ್ಮ ಕಡೆಗೂ ಈ ಗುಡ್ಡಕ್ಕೂ ಒಂದು ನಂಟಿದೆ, ಯಾರೂ ಹೇಳಲಿಲ್ಲವಲ್ಲ! ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಪಿಟ್ ಕೃಷ್ಣಾ ತೀರದ ಕೊಲ್ಲೂರು ಗಣಿಯ ದೊಡ್ಡ ವಜ್ರವನ್ನು ಜಮ್‌ಚಂದ್ ಎಂಬ ವ್ಯಾಪಾರಿಯಿಂದ 48,000 ವರಹಕ್ಕೆ ಕೊಂಡ. ಇಂಗ್ಲಿಷರು ತಮ್ಮ ದಾಖಲೆಯಲ್ಲಿ ‘ಪಗೋಡ’ ಎಂದು ಬರೆಯುವುದು ನಮ್ಮ ವರಹವನ್ನೇ. ಕಚ್ಚಾ ತೂಕ 410 ಕ್ಯಾರೆಟ್. ಕಡೆದ ಮೇಲೆ ಉಳಿದದ್ದು 140 ಚಿಲ್ಲರೆ. 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಆ ದುಡ್ಡಿನಿಂದ ಕೊಂಡದ್ದೇ ಈ ಓಲ್ಡ್ ಸೇರಂ.

ಚಂದ್ರವಳ್ಳಿ ಮೇಷ್ಟ್ರು

ನಾಣ್ಯಪ್ರಿಯರೇ, ಕೊನೆಯ ವಾಕ್ಯ ಒಂದನ್ನು ಬಿಟ್ಟರೆ ಎಲ್ಲ ಸರಿ. ಪಿಟ್ ಓಲ್ಡ್ ಸೇರಂ ಜಮೀನು ಕೊಂಡದ್ದು 1691ರಲ್ಲಿ. ವಜ್ರ ಕೊಂಡದ್ದು 1702ರಲ್ಲಿ, ಗವರ್ನರ್ ಆದದ್ದೇ 1698ರಲ್ಲಿ. ಇಸವಿ ಹಿಂದುಮುಂದಾಗಿದೆ. ಕಂಪನಿಯ ಅಪ್ಪಣೆಯಿಲ್ಲದೆ ಕಳ್ಳವ್ಯಾಪಾರ ಮಾಡಿ ಅದಕ್ಕೂ ಮೊದಲೇ ಇಂಡಿಯಾದಿಂದ ಸಾಕಷ್ಟು ಕಟ್ಟಿಕೊಂಡಿದ್ದ. ದುಡ್ಡು ಈ ಕಡೆಯದೇ, ವಜ್ರದ್ದಲ್ಲ.

ನಾಣ್ಯಪ್ರಿಯ

ತಿದ್ದಿದ್ದಕ್ಕೆ ಧನ್ಯವಾದ, ಮೇಷ್ಟ್ರೇ. ಎರಡು ಕಡೆ ಹೀಗೇ ಬರೆದಿದ್ದೇನೆ, ಹೋಗಿ ಅಳಿಸಬೇಕು.

ಬಂಜರು ಗುಡ್ಡವನ್ನು ಅವನು ಯಾಕೆ ಕೊಂಡ ಎಂಬುದಂತೂ ನನಗೆ ಗೊತ್ತು. ಆ ಜಾಗಕ್ಕೆ ಪಾರ್ಲಿಮೆಂಟಿನಲ್ಲಿ ಎರಡು ಸ್ಥಾನವಿತ್ತು. ಊರು ಖಾಲಿಯಾದರೂ ಸ್ಥಾನ ಖಾಲಿಯಾಗಲಿಲ್ಲ. ಓಟು ಜನಕ್ಕಿರಲಿಲ್ಲ, ನಿವೇಶನಕ್ಕಿತ್ತು. ನಮ್ಮ ಲೆಕ್ಕದಲ್ಲಿ ಪಹಣಿ ಯಾರ ಹೆಸರಿಗೋ ಓಟು ಅವರಿಗೆ. ಚುನಾವಣೆ ಬಂದಾಗ ಜಮೀನುದಾರ ತನ್ನವರ ಹೆಸರಿಗೆ ನಿವೇಶನ ಬರೆದುಕೊಡುತ್ತಿದ್ದ, ಮತದಾನ ಗುಡ್ಡದ ಕೆಳಗಿನ ಒಂದು ಎಲ್ಮ್ ಮರದಡಿ. 1831ರಲ್ಲಿ ಮತದಾರರು ಹನ್ನೊಂದು ಜನ, ಒಬ್ಬನೂ ಅಲ್ಲಿ ವಾಸವಿರಲಿಲ್ಲ. ಪಿಟ್‌ನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಇಲ್ಲಿಂದಲೇ ಪಾರ್ಲಿಮೆಂಟಿಗೆ ಹೋದವನು, ಮುಂದೆ ಪ್ರಧಾನಿಯಾದ. 1832ರ ಸುಧಾರಣೆಯಲ್ಲಿ ಈ ಕ್ಷೇತ್ರ ಅಳಿಯಿತು. ‘ಕೊಳೆತ ಕ್ಷೇತ್ರ’ ಎಂಬ ಮಾತಿಗೆ ಇದಕ್ಕಿಂತ ಮಾಗಿದ ಉದಾಹರಣೆ ಇಲ್ಲ.

ಸಂದೇಹಿ

ಮನೆಯಿಲ್ಲದ ಬಾಗಿಲ ನಂಬರಿಗೆ ಮತದಾರರ ಪಟ್ಟಿ. ಇದು ಮಾತ್ರ ನನಗೆ ಸಂದೇಹವಿಲ್ಲದೆ ಅರ್ಥವಾಯಿತು.

ಚಂದ್ರವಳ್ಳಿ ಮೇಷ್ಟ್ರು

ಹೊಳೆದಂಡೆಯವರ ತಂದೆಯವರ ಪ್ರಶ್ನೆಗೆ ಬರೋಣ. ನನ್ನ ಮತ ನೀರಿಗೆ.

ಹನ್ನೆರಡನೆಯ, ಹದಿಮೂರನೆಯ ಶತಮಾನದಲ್ಲಿ ಅಲ್ಲಿಯ ಪಾದ್ರಿಗಳು ಮಾಡಿದ ದೂರುಗಳು ದಾಖಲಾಗಿವೆ, ಪೋಪ್ ಮೂರನೆಯ ಹೊನೋರಿಯಸ್‌ವರೆಗೂ ಹೋದವು. ಗಾಳಿಯ ಆರ್ಭಟದಲ್ಲಿ ಪಕ್ಕದವನ ಪಠಣ ಕೇಳುವುದಿಲ್ಲ. ಸುಣ್ಣದ ನೆಲದ ಬಿಳುಪು ಕಣ್ಣು ಕುಕ್ಕುತ್ತದೆ. ತೇವಕ್ಕೆ ಕೀಲುನೋವು. ನೀರನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಅನುಮತಿ ಸಿಕ್ಕಿತು. 1220ರ ಏಪ್ರಿಲ್ 28ರಂದು ಬಿಷಪ್ ರಿಚರ್ಡ್ ಪೂರ್ ಕೆಳಗೆ ಬಯಲಿನಲ್ಲಿ ಹೊಸ ಕೆಥೆಡ್ರಲ್ಲಿಗೆ ಅಡಿಗಲ್ಲು ಹಾಕಿದ. ಏವನ್ ನದಿಗೆ ಬೇರೆ ಹೊಳೆಗಳು ಬಂದು ಕೂಡುವ ಜಾಗ. ಹೊಸ ಊರಿನ ಬೀದಿಬೀದಿಯಲ್ಲಿ ನೀರಿನ ಕಾಲುವೆ ಹರಿಸಿದರು. ನೀರಿಗೆ ಬಾಯಾರಿದವರು ಕಟ್ಟಿದ ಊರು ಎನ್ನುವುದಕ್ಕೆ ಇನ್ನೇನು ಬೇಕು?

ಬಿಷಪ್ ಬಿಟ್ಟ ಬಾಣ ಜಿಂಕೆಗೆ ತಾಗಿ, ಅದು ಬಿದ್ದಲ್ಲಿ ಕಟ್ಟಿದರು ಎಂಬ ಕಥೆಯೂ ಇದೆ. ನಮ್ಮ ಹಂಪಿಯಲ್ಲಿ ಮೊಲ ನಾಯಿಯನ್ನು ಅಟ್ಟಿದ ಕಥೆಯ ದೂರದ ದಾಯಾದಿ ಅದು, ಅಷ್ಟಕ್ಕೆ ಬಿಡೋಣ.

ಸಿವಿಲ್ ಸುಮಾ

ಮೇಷ್ಟ್ರೇ, ಒಪ್ಪುವುದಿಲ್ಲ. ಕ್ರಿ.ಪೂ. 400ರಲ್ಲೂ ಗುಡ್ಡದ ಮೇಲೆ ನೀರಿರಲಿಲ್ಲ. ಸುಣ್ಣಕಲ್ಲು ಮಳೆನೀರನ್ನು ಜರಡಿಯಂತೆ ಕೆಳಗೆ ಬಿಡುತ್ತದೆ, ಮೇಲೆ ಕೆರೆಯೂ ನಿಲ್ಲುವುದಿಲ್ಲ. ನೀರಿಲ್ಲ ಎಂಬುದು ಬಂದಾಗಲೂ ಗೊತ್ತಿದ್ದ ವಿಷಯ. ಗೊತ್ತಿದ್ದೇ ಬಂದವರು ಅದೇ ಕಾರಣಕ್ಕೆ ಬಿಟ್ಟರು ಎಂದರೆ ಹೇಗೆ?

ರೋಮನ್ನರನ್ನು ನೋಡಿ. ಸಿಲ್ಚೆಸ್ಟರ್, ವಿಂಚೆಸ್ಟರ್, ಡಾರ್ಚೆಸ್ಟರ್ ಕಡೆಯ ರಸ್ತೆಗಳನ್ನೆಲ್ಲ ಈ ಗುಡ್ಡದ ಬುಡಕ್ಕೆ ತಂದು ಸೇರಿಸಿದರು, ಆದರೆ ವಸತಿಯ ಬಹುಪಾಲು ಕೋಟೆಯ ಹೊರಗೆ, ಕೆಳಗೆ ನದಿಯ ಕಡೆ ಮತ್ತು ರಸ್ತೆಯ ಬದಿಗೆ. ಭಯವಿಲ್ಲದವರು ಗುಡ್ಡ ಹತ್ತುವುದಿಲ್ಲ. 1003ರಲ್ಲಿ ಡೆನ್ಮಾರ್ಕಿನ ಸ್ವೇನ್ ಪಕ್ಕದ ವಿಲ್ಟನ್ ಊರನ್ನು ಸುಟ್ಟಾಗ ಟಂಕಸಾಲೆಯನ್ನು ಮತ್ತೆ ಈ ದಿಣ್ಣೆಯೊಳಗೆ ತಂದಿಟ್ಟರು. ಭಯ ಬಂದಾಗ ಮೇಲೆ, ಹೋದಾಗ ಕೆಳಗೆ. ಇದು ಹೊಸದೇನಲ್ಲ.

ನಾಣ್ಯಪ್ರಿಯ

ಸುಮಾ ಮೇಡಂ ಹೇಳಿದ್ದಕ್ಕೆ ಪುರಾವೆ ನಾಣ್ಯಗಳೇ. 1003ರ ನಂತರದ ಬೆಳ್ಳಿ ಪೆನ್ನಿಗಳ ಮೇಲೆ ಸಾಲ್ಸ್‌ಬರಿ ಟಂಕಸಾಲೆಯ ಹೆಸರು ಬರತೊಡಗುತ್ತದೆ. ಕೋಟೆ ಇನ್ನೂ ಇಲ್ಲ, ಹಳೆಯ ಮಣ್ಣಿನ ದಿಣ್ಣೆಯೇ ರಕ್ಷಣೆ.

ಜೋಳದರಾಶಿ

ಜಗಳದ ಪಕ್ಷಕ್ಕೆ ನನ್ನ ಒಂದು ಓಟು. ರೋಜರ್ ಹೋದ ಮೇಲೆ ಕೋಟೆ ಅರಸನ ಸಿಪಾಯಿಗಳದು, ಕೆಥೆಡ್ರಲ್ ಬಿಷಪ್ಪನದು, ಎರಡಕ್ಕೂ ಒಂದೇ ಸುತ್ತುಗೋಡೆ. ಒಂದೇ ಅಂಗಳದಲ್ಲಿ ಎರಡು ಒಲೆ. ಪಾದ್ರಿಗಳು ಮೆರವಣಿಗೆ ಮುಗಿಸಿ ಬಂದಾಗ ಸಿಪಾಯಿಗಳು ಬಾಗಿಲು ಹಾಕಿಕೊಂಡಿದ್ದರು ಎಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. ಹನ್ನೆರಡನೆಯ ಶತಮಾನದಲ್ಲೇ ಪೀಟರ್ ಆಫ್ ಬ್ಲುವಾ ಎಂಬ ಪಂಡಿತ, ದೇವರ ಮನೆಯನ್ನು ಕೋಟೆಯೊಳಗೆ ಕೂಡಿಹಾಕಿದ್ದಾರೆ ಎಂಬರ್ಥದಲ್ಲಿ ಗೊಣಗಿದ್ದಾನೆ. ಅದೇ ಕೋಟೆಯಲ್ಲಿ ಎರಡನೆಯ ಹೆನ್ರಿ ತನ್ನ ರಾಣಿ ಎಲಿನೋರ್‌ಳನ್ನು ಗಂಡುಮಕ್ಕಳ ದಂಗೆಗೆ ಬೆಂಬಲ ಕೊಟ್ಟಳೆಂದು ಕಾವಲಿನಲ್ಲಿಟ್ಟಿದ್ದ. ಜೈಲಿನ ಪಕ್ಕ ಜಪ ಮಾಡುವುದು ಯಾರಿಗೆ ಬೇಕು?

ಹೊಳೆದಂಡೆ

ನಿಮ್ಮೆಲ್ಲರ ಮಾತನ್ನು ನಿನ್ನೆ ರಾತ್ರಿ ವಿಡಿಯೋ ಕರೆಯಲ್ಲಿ ಅಪ್ಪನಿಗೆ ಓದಿ ಹೇಳಿದೆ. ಈಗ ಊರಿನಲ್ಲಿದ್ದಾರೆ. ಮೇಷ್ಟ್ರು ಹೇಳಿದ ದೂರಿನ ಪಟ್ಟಿಯಲ್ಲಿ ನೀರನ್ನು ಕೊಳ್ಳಬೇಕು ಎಂಬಲ್ಲಿ ನಿಲ್ಲಿಸಿ, "ಯಾರಿಂದ ಕೊಳ್ಳಬೇಕು?" ಎಂದರು. ಹುಡುಕಿ ನೋಡಿದೆ. ದೂರಿನ ಆ ಸಾಲು ಇನ್ನೂ ಮುಂದುವರಿಯುತ್ತದೆ: ನೀರು ದುಬಾರಿ, ಅದನ್ನು ತರಲು ಕೋಟೆಯ ಅಧಿಕಾರಿಯ ಅಪ್ಪಣೆಯೂ ಬೇಕು.

"ಅಷ್ಟೇ ಕಣೋ. ಬಾವಿ ಇತ್ತು, ಹಗ್ಗ ಇನ್ನೊಬ್ಬನ ಮನೆಯಲ್ಲಿತ್ತು" ಎಂದರು ಅಪ್ಪ. ಅವರ ಚಿಕ್ಕಂದಿನಲ್ಲಿ ಊರಿನ ಸೇದುವ ಬಾವಿ ಒಬ್ಬ ಶ್ರೀಮಂತರ ಹಿತ್ತಲಿನಲ್ಲಿತ್ತಂತೆ. ಹಿತ್ತಲ ಬಾಗಿಲು ಬೆಳಿಗ್ಗೆ ಒಂದು ಗಂಟೆ ಮಾತ್ರ ತೆರೆಯುತ್ತಿತ್ತು. ಆ ಮನೆಯ ಮೇಲೆ ಯಾರಾದರೂ ಪಂಚಾಯಿತಿಯಲ್ಲಿ ಮಾತಾಡಿದರೆ ಮರುದಿನ ಬಾಗಿಲು ತೆರೆಯುತ್ತಿರಲಿಲ್ಲ. ಅಜ್ಜಿ ಎರಡು ಮೈಲಿ ನಡೆದು ಹಳ್ಳದ ವರತೆಯಿಂದ ನೀರು ತರುತ್ತಿದ್ದರು, ಆ ಬಾವಿಗೆ ಹೋಗಲಿಲ್ಲ. "ನಿಮ್ಮ ಇಂಗ್ಲೆಂಡಿನವರು ಊರನ್ನೇ ವರತೆಯ ಹತ್ತಿರಕ್ಕೆ ಎತ್ತಿಕೊಂಡು ಹೋದರು. ನಮ್ಮಮ್ಮನ ಕೈಲಿ ಅದು ಆಗಲಿಲ್ಲ" ಎಂದರು.

ಸಿವಿಲ್ ಸುಮಾ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನೀರಿನ ಪಕ್ಷವನ್ನೂ ಜಗಳದ ಪಕ್ಷವನ್ನೂ ಒಂದೇ ಹಗ್ಗಕ್ಕೆ ಕಟ್ಟಿದರು.

ಚಂದ್ರವಳ್ಳಿ ಮೇಷ್ಟ್ರು

ನನ್ನದೂ ನಮಸ್ಕಾರ. ಆ ಸಾಲನ್ನು ನಾನು ಅರ್ಧಕ್ಕೆ ನಿಲ್ಲಿಸಿ ಉದಾಹರಿಸಿದ್ದು ತಪ್ಪು.

ಅವರು ದುರ್ಗದ ಕಡೆಯವರಾದ್ದರಿಂದ ಒಂದು ಮಾತು. ನಮ್ಮ ದುರ್ಗದಲ್ಲಿ ಪದರ ಹೀಗೆ ಒಂದರ ಮೇಲೊಂದು ಕೂರುವುದೇ ಇಲ್ಲ. ಮೇಲೆ ಬರೀ ಹೆಬ್ಬಂಡೆ, ಮಣ್ಣು ನಿಂತರೆ ತಾನೇ? ಅಲ್ಲಿ ಹಳೆಯ ಊರು ಪಕ್ಕದಲ್ಲಿದೆ. ನಾಯಕರ ಕೋಟೆ ಗುಡ್ಡದ ಮೇಲೆ, ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಚಂದ್ರವಳ್ಳಿ ಪಶ್ಚಿಮದ ಕಣಿವೆಯಲ್ಲಿ. ಶಾತವಾಹನರ ಸೀಸದ ನಾಣ್ಯ, ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯ ಸಿಕ್ಕಿದ್ದು ಅಲ್ಲಿ. ಬಂಡೆಯ ಮೇಲಿನ ಮಯೂರಶರ್ಮನ ಶಾಸನ ಅಲ್ಲಿದೆ, ಅದೂ ಕೆರೆ ಕಟ್ಟಿಸಿದ ಶಾಸನ! ಪ್ರವಾಸಿಗಳು ಒನಕೆ ಓಬವ್ವನ ಕಿಂಡಿ ನೋಡಿ ಬಸ್ ಹತ್ತುತ್ತಾರೆ, ಕಣಿವೆಗೆ ಇಳಿಯುವವರು ನೂರಕ್ಕೆ ಇಬ್ಬರು.

ಚಂದ್ರವಳ್ಳಿಯಲ್ಲೂ ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲೂ 1947ರಲ್ಲಿ ಅಗೆಸಿದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದಕ್ಕೆ ಹತ್ತು ವರ್ಷ ಮುಂಚೆ ಈ ಓಲ್ಡ್ ಸೇರಂನ ನೆರೆಯ ಡಾರ್ಸೆಟ್‌ನಲ್ಲಿ ಮೇಡನ್ ಕ್ಯಾಸಲ್ ಎಂಬ ಕಬ್ಬಿಣ ಯುಗದ ದಿಣ್ಣೆಕೋಟೆಯನ್ನು ಅಗೆಸಿದ್ದರು. ಚೌಕ ಚೌಕವಾಗಿ ಕುಣಿ, ನಡುವೆ ಬದು ಬಿಟ್ಟು, ಬದುವಿನ ಗೋಡೆಯ ಮೇಲೆ ಪ್ರತಿ ಪದರಕ್ಕೂ ಚೀಟಿ ಚುಚ್ಚಿಸುವ ಪದ್ಧತಿ. ಅಲ್ಲಿ ಪಳಗಿದ ಕೈ ಇಲ್ಲಿಗೆ ಬಂತು.

ಸಂದೇಹಿ

ಹಾಗಾದರೆ ಓಲ್ಡ್ ಸೇರಂನಲ್ಲೂ ವೀಲರ್ ಪದ್ಧತಿಯಲ್ಲೇ ಅಗೆದರೇ?

ಚಂದ್ರವಳ್ಳಿ ಮೇಷ್ಟ್ರು

ಇಲ್ಲ, ಅದು ಅವರಿಗಿಂತ ಹಿಂದಿನ ಕಥೆ. ದೊಡ್ಡ ಉತ್ಖನನ ನಡೆದದ್ದು 1909ರಿಂದ 1915ರವರೆಗೆ. ಸೇಂಟ್ ಜಾನ್ ಹೋಪ್ ಮತ್ತು ಹಾಲಿ ಎಂಬವರ ನೇತೃತ್ವ. ಈ ಹಾಲಿಯೇ ಮುಂದೆ ಸ್ಟೋನ್‌ಹೆಂಜ್‌ನಲ್ಲೂ ಅಗೆದವರು. ಮಹಾಯುದ್ಧ ಬಂದು ಕೆಲಸ ನಿಂತಿತು. ಗೋಡೆ ಸಿಕ್ಕರೆ ಅದರ ಗುಂಟ ಹೋಗುವುದು ಆ ಕಾಲದ ರೂಢಿ. ಕಟ್ಟಡದ ನಕ್ಷೆ ಚೆನ್ನಾಗಿ ಸಿಗುತ್ತದೆ, ಆದರೆ ಗೋಡೆಗೂ ಪಕ್ಕದ ಮಣ್ಣಿಗೂ ಇದ್ದ ಸಂಬಂಧ ಕಡಿದುಹೋಗುತ್ತದೆ. ಕಲ್ಲನ್ನೇ ಕಿತ್ತೊಯ್ದ ಕಡೆ ಗೋಡೆಯೂ ಇರುವುದಿಲ್ಲ, ಕಿತ್ತವರು ಬಿಟ್ಟುಹೋದ ಗುಂಡಿಯ ಜಾಡೇ ನಕ್ಷೆಗೆ ಆಧಾರ. ಕಳ್ಳನ ಹೆಜ್ಜೆಯಿಂದ ಮನೆಯ ಅಳತೆ ತೆಗೆದ ಹಾಗೆ.

ಹೊಳೆದಂಡೆ

ಇದಕ್ಕೆ ಹತ್ತಿರದ ಒಂದು ಸುದ್ದಿ. 2014ರಲ್ಲಿ ನಮ್ಮೂರಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಒಂದು ಗುದ್ದಲಿಯನ್ನೂ ಹಾಕದೆ ಹೊರಸುತ್ತಿನ ಸಮೀಕ್ಷೆ ಮಾಡಿದರು. ನೆಲದ ಕಾಂತಗುಣ ಅಳೆಯುವ ಉಪಕರಣ, ಮಣ್ಣಿನ ವಿದ್ಯುತ್ ನಿರೋಧ ಅಳೆಯುವ ಉಪಕರಣ, ನೆಲದೊಳಗೆ ನೋಡುವ ರೇಡಾರ್, ಇಷ್ಟೇ. ಸುಟ್ಟ ಮಣ್ಣು, ತುಂಬಿದ ಗುಂಡಿ, ಹೂತ ಗೋಡೆ ಮೂರೂ ಬೇರೆ ಬೇರೆ ಸದ್ದು ಮಾಡುತ್ತವೆ ಎಂದುಕೊಳ್ಳಿ. ಹನ್ನೊಂದರಿಂದ ಹದಿಮೂರನೆಯ ಶತಮಾನದ ಊರಿನ ನಕ್ಷೆ ಎದ್ದು ಬಂತು. ಹೊರಗೋಡೆಗೆ ಆತುಕೊಂಡು ದೊಡ್ಡ ದೊಡ್ಡ ಕಟ್ಟಡಗಳು, ಒಳಕಂದಕದ ಪಕ್ಕಕ್ಕೆ ಮನೆಗಳಿದ್ದ ಜಾಗ, ಕುಲುಮೆ ಅಥವಾ ಗೂಡುಗಳಿದ್ದ ಗುರುತು, ನಡುವೆ ಬಯಲು. ನಾವು ಚಿತ್ರಾನ್ನ ತಿಂದದ್ದು ಯಾರದೋ ಮನೆಯ ಮಾಡಿನ ಮೇಲೆ.

ಜೋಳದರಾಶಿ

ಕಿತ್ತ ಕಲ್ಲುಗಳೆಲ್ಲ ಎಲ್ಲಿ ಹೋದವು? ಅಷ್ಟು ದೊಡ್ಡ ಕೆಥೆಡ್ರಲ್ಲಿನ ಕಲ್ಲು ಎಲ್ಲೋ ಇರಲೇಬೇಕಲ್ಲ.

ಹೊಳೆದಂಡೆ

ಅದನ್ನೂ ನೋಡಿ ಬಂದೆವು. 1331ರಲ್ಲಿ ಮೂರನೆಯ ಎಡ್ವರ್ಡ್ ಹಳೆಯ ಕೆಥೆಡ್ರಲ್ಲಿನ ಕಲ್ಲನ್ನು ಹೊಸ ಕೆಥೆಡ್ರಲ್ಲಿನ ಆವರಣದ ಗೋಡೆಗೆ ಬಳಸಲು ಅನುಮತಿ ಕೊಟ್ಟ. ಕೋಟೆಯ ಕಲ್ಲಿನ ಸರದಿ 1514ರಲ್ಲಿ ಬಂತು, ಎಂಟನೆಯ ಹೆನ್ರಿ ಅದನ್ನೂ ಸಾಗಿಸಲು ಬರೆದುಕೊಟ್ಟ. ಅಂದಹಾಗೆ ಕೆಳಗಿನ ಪಟ್ಟಣದ ಸರ್ಕಾರಿ ಹೆಸರು 2009ರವರೆಗೂ ‘ನ್ಯೂ ಸೇರಂ’ ಎಂದೇ ಇತ್ತು, ಎಂಟುನೂರು ವರ್ಷಕ್ಕೆ ಸಮೀಪಿಸಿದರೂ ಹೊಸ ಊರೇ.

ಸಂಜೆ ಅಪ್ಪ, ಅಮ್ಮ ಇಬ್ಬರೂ ಆ ಆವರಣದ ಗೋಡೆಯ ಗುಂಟ ನಡೆದರು. 123 ಮೀಟರ್ ಎತ್ತರದ ಶಿಖರದ ಕಡೆ ತಿರುಗಿಯೂ ನೋಡಲಿಲ್ಲ. ಬರೀ ಚೌಕ ಕಲ್ಲುಗಳ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಕೆತ್ತನೆಯ ಕಲ್ಲು ಸಿಕ್ಕಿಹಾಕಿಕೊಂಡಿದೆ. ಒಂದರಲ್ಲಿ ಅಂಕುಡೊಂಕು ಗೆರೆ ಅರ್ಧಕ್ಕೇ ನಿಂತಿತ್ತು, ಪಕ್ಕದ ಕಲ್ಲಿನಲ್ಲಿ ಅದರ ಮುಂದುವರಿಕೆ ಇಲ್ಲ. ಅಮ್ಮ ಆ ಗೆರೆಯ ಇನ್ನರ್ಧವನ್ನು ಹುಡುಕುತ್ತೇನೆಂದು ಹೊರಟರು. ಹದಿನಾಲ್ಕು ಕೆತ್ತನೆಯ ಕಲ್ಲು ಎಣಿಸಿದರು. ಹೊಂದುವುದು ಸಿಗಲಿಲ್ಲ. ನಮ್ಮ ಬಸ್ಸಿಗೆ ಹತ್ತು ನಿಮಿಷ ಇತ್ತು, ಅಪ್ಪ ಕರೆದರೂ ಬರಲಿಲ್ಲ. ಮುಂದಿನ ಬಸ್ಸಿಗೆ ಬಂದೆವು.